ಎಂಬತ್ತು ಸೆಂಟಿಮೀಟರಿನ ತೊಟ್ಟಿಲು

ಬೆಳಿಗ್ಗೆ ಒಂಬತ್ತಕ್ಕೆ ಅಂಚೆ ಕಚೇರಿಗೆ ಹೊತ್ತುಕೊಂಡು ಹೋದ ತೊಟ್ಟಿಲನ್ನು ಸೊಸೆ ಹತ್ತೂವರೆಗೆ ಮನೆಗೆ ವಾಪಸು ಹೊತ್ತು ತಂದಳು. ಹೋಗುವಾಗ ರಟ್ಟಿನ ಪೆಟ್ಟಿಗೆಯ ಮೇಲೆ ವಿಳಾಸ ಮಾತ್ರ ಇತ್ತು. ಬರುವಾಗ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಳತೆ ಮೀರಿದೆ' ಎಂಬ ಠಸ್ಸೆಯೂ ಬಿದ್ದಿತ್ತು.

ಪೆಟ್ಟಿಗೆಯನ್ನು ನಡುಮನೆಯಲ್ಲಿ ಧೊಪ್ಪೆಂದು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಮಾವಾ, ನಿಮ್ಮ ಆಫೀಸಿನವರಿಗೆ ಬುದ್ಧಿ ಇದೆಯಾ?" ಎಂದಳು.

ಮಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮೂವತ್ತೆಂಟು ವರ್ಷ ಪಾರ್ಸೆಲ್ ಕೌಂಟರಿನಲ್ಲಿ ಕೂತು ಎದ್ದವನು. ನಿವೃತ್ತನಾಗಿ ಆರು ವರ್ಷ ಕಳೆದರೂ ಬೀದಿಯವರೆಲ್ಲ ಅವನನ್ನು ಠಸ್ಸೆ ತಾತ ಎಂದೇ ಕರೆಯುತ್ತಿದ್ದರು.

"ಏನಾಯ್ತು?"

"ಎಂಬತ್ತು ಸೆಂಟಿಮೀಟರಿಗಿಂತ ಉದ್ದ ಇರೋದನ್ನ ಈ ತಿಂಗಳಿಂದ ತಗೊಳ್ಳಲ್ವಂತೆ. ನಮ್ಮ ತೊಟ್ಟಿಲು ತೊಂಬತ್ತು. ಅದೂ ಹೋಗ್ಲಿ ಅಂದ್ರೆ, ಇನ್ಮೇಲೆ ತೂಕ ನೋಡಿ ದುಡ್ಡು ಹಾಕೋದಿಲ್ವಂತೆ. ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತೆ ಅಂತ ನೋಡಿ ಹಾಕ್ತಾರಂತೆ. ತೊಟ್ಟಿಲ ಒಳಗೆ ಏನಿದೆ ಮಾವಾ? ಗಾಳಿ! ಗಾಳಿಗೆ ಚಾರ್ಜು!"

"ನಿಯಮ ಮಾಡಿದ್ದಾರೆ ಅಂದ್ಮೇಲೆ ಏನಾದ್ರೂ ಕಾರಣ ಇರುತ್ತಮ್ಮ. ಗಾಡಿಯಲ್ಲಿ ಜಾಗ ಬೇಡ್ವಾ?"

ಈ ಮಾತನ್ನು ಅವನು ಆಡಬಾರದಿತ್ತು.

ಮಧ್ಯಾಹ್ನ ಮೂರಕ್ಕೆ ತಾತನ ಮುಂದೆ ಬಂದ ಟೀ ಲೋಟ ಔಷಧಿ ಕುಡಿಯುವ ಲೋಟದಷ್ಟಿತ್ತು. ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದೇನು?"

"ಹೊಸ ನಿಯಮ ಮಾವಾ. ಏನಾದ್ರೂ ಕಾರಣ ಇರುತ್ತೆ," ಎಂದಳು ಸೊಸೆ. "ದೊಡ್ಡ ಲೋಟ ಬೇಕಾದ್ರೆ ಡಬಲ್ ಚಾರ್ಜು."

ಆ ಮನೆ ನಿಂತಿದ್ದುದು ಎರಡು ದುಡಿಮೆಗಳ ಮೇಲೆ. ಮಗ ಸಿಟಿ ಬಸ್ಸಿನ ಡ್ರೈವರ್. ಇನ್ನೊಂದು, ತಾತನ ಹೆಂಡತಿ ಅಜ್ಜಿಯ ಬೆತ್ತದ ಕೆಲಸ. ಅಜ್ಜಿ ಹನ್ನೆರಡನೇ ವಯಸ್ಸಿನಲ್ಲಿ ಬೆತ್ತ ಹಿಡಿದವಳು. ಕುರ್ಚಿ, ಬುಟ್ಟಿ, ಮೊರ ಎಲ್ಲ ಮಾಡಿ ಕೊನೆಗೆ ತೊಟ್ಟಿಲಿಗೆ ಬಂದು ನಿಂತಿದ್ದಳು. ಕೆಳಗೆ ಬಾಗಿದ ಎರಡು ಮರದ ಪಟ್ಟಿಗಳ ಮೇಲೆ ಕೂತು, ಬೆರಳು ತಾಗಿಸಿದರೆ ತೂಗುವ ತೊಟ್ಟಿಲು. ಮೊದಲು ಅದು ಬೀದಿಯಲ್ಲಿ ಹುಟ್ಟುವ ಮಕ್ಕಳಿಗಷ್ಟೇ ಸಾಕಾಗುತ್ತಿತ್ತು. ಸೊಸೆ ಬಂದಮೇಲೆ ಫೋನಿನಲ್ಲಿ ಫೋಟೊ ಹಾಕಿ, ಎಲ್ಲೆಲ್ಲಿಂದಲೋ ಆರ್ಡರು ಹಿಡಿದು, ಅಂಚೆಯಲ್ಲಿ ಕಳಿಸುವುದನ್ನು ಶುರುಮಾಡಿದಳು. ಹೆಣೆಯುವುದು ಅತ್ತೆ, ಕಳಿಸುವುದು ಸೊಸೆ. ಏಳು ವರ್ಷ ಈ ಗಾಡಿ ಸಲೀಸಾಗಿ ಉರುಳಿತ್ತು.

ಈಗ ವಾಪಸು ಬಂದ ತೊಟ್ಟಿಲು ಒಂದು ಜೋಡಿಯ ಮೊದಲನೆಯದು. ಆರ್ಡರು ಕೊಟ್ಟವಳು ದೂರದ ಒಂದು ಪುಟ್ಟ ದ್ವೀಪದ ಶಾಲೆಯ ಟೀಚರು. ಹನ್ನೊಂದು ವರ್ಷ ಕಾದ ಮೇಲೆ ಅವಳ ಹೊಟ್ಟೆಯಲ್ಲಿ ಒಂದಲ್ಲ, ಎರಡು ಮಕ್ಕಳಿದ್ದವು. ಫೋನಿನಲ್ಲಿ ಅವಳು ನಗುತ್ತಿದ್ದ ರೀತಿಗೆ ಈ ಮನೆಯವರೆಲ್ಲ ಮನಸೋತಿದ್ದರು. ಡ್ರೈವರ್ ಮಗ ಅವಳಿಗೆ ಅವಳಿಯಮ್ಮ ಎಂದು ಹೆಸರಿಟ್ಟಿದ್ದ. ದ್ವೀಪಕ್ಕೆ ಬೇರೆ ಯಾವ ಕೊರಿಯರೂ ಹೋಗುತ್ತಿರಲಿಲ್ಲ. ಪ್ರತಿ ಗುರುವಾರ ಹೊರಡುವ ಅಂಚೆ ದೋಣಿಯೊಂದೇ ದಾರಿ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಏಳು ವಾರ ಉಳಿದಿತ್ತು.

"ಬೇರೆ ಎಲ್ಲಾದ್ರೂ ತಗೊಳ್ಳಿ ಅಂತ ಹೇಳಿಬಿಡು," ಎಂದ ಮಗ, ರಾತ್ರಿ ಊಟಕ್ಕೆ ಕೂತಾಗ.

"ನೀನೇ ಹೇಳು," ಎಂದಳು ಅವನ ಹೆಂಡತಿ, ಅವನ ತಟ್ಟೆಗೆ ಪಲ್ಯ ಬಡಿಸುತ್ತ. "ಅವಳು ನಗ್ತಾ ಇರೋವಾಗ ಮಧ್ಯದಲ್ಲಿ ತಡೆದು ಹೇಳು, ನೋಡೋಣ."

ಮಗ ತಲೆ ತಗ್ಗಿಸಿ ಊಟ ಮುಂದುವರಿಸಿದ.

ಸೊಸೆಯ ತಲೆಗೆ ಮೊದಲ ಉಪಾಯ ಹೊಳೆದದ್ದು ಬುಧವಾರ. ತೊಟ್ಟಿಲನ್ನು ನಡುವೆ ಎರಡು ಭಾಗ ಮಾಡಿ ಹೆಣೆಯುವುದು. ಒಂದರ ಮೇಲೊಂದು ಇಟ್ಟು ಕಳಿಸಿದರೆ ಅಲ್ಲಿ ಅವರು ಚರ್ಮದ ಪಟ್ಟಿ ಹಾಕಿ ಬಿಗಿದುಕೊಳ್ಳಬಹುದು. ಅವಳು ಚೀಟಿಯ ಮೇಲೆ ಬರೆದು ತೋರಿಸಿದಳು. ಅಜ್ಜಿ ನೀರಿನಲ್ಲಿ ನೆನೆದ ಬೆತ್ತವನ್ನು ಎತ್ತಿ ಜಾಡಿಸುತ್ತಿದ್ದಳು. ಚೀಟಿಯ ಮೇಲೆ ನಾಲ್ಕು ಹನಿ ಬಿದ್ದವು.

"ತೊಟ್ಟಿಲನ್ನ ಎರಡು ಹೋಳು ಮಾಡೋದಾ? ಅದರೊಳಗೆ ಮಗು ಮಲಗುತ್ತೆ ಕಣೇ, ಕಲ್ಲಂಗಡಿ ಅಲ್ಲ."

"ಅತ್ತೆ, ಕಾಲಕ್ಕೆ ತಕ್ಕ ಹಾಗೆ..."

"ಪಟ್ಟಿ ಸಡಿಲ ಆದ್ರೆ? ರಾತ್ರಿ ಹೊತ್ತು ಮಗು ಒಂದು ಕಡೆ, ಕಾಲು ಒಂದು ಕಡೆ!"

"ಹಾಗಾದ್ರೆ ನೀವೇ ಹೇಳಿ, ಏನು ಮಾಡೋದು?"

"ಅದು ನಿನ್ನ ಕೆಲಸ. ಹೆಣೆಯೋದು ನಂದು, ಕಳಿಸೋದು ನಿಂದು."

"ಕಳಿಸೋ ಹಾಗೆ ಹೆಣೆದುಕೊಟ್ರೆ ತಾನೇ ಕಳಿಸೋದು?"

ಅಜ್ಜಿ ಬೆತ್ತವನ್ನು ನೀರಿಗೆ ವಾಪಸು ಹಾಕಿ ಎದ್ದು ಒಳಗೆ ಹೋದಳು. ಅಂದು ಸಂಜೆ ಸೊಸೆ, ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಕರೆದಿದ್ದಾರೆ, ಎರಡು ತಿಂಗಳು ಬಿಟ್ಟು ಒಂದನೇ ತಾರೀಖಿನಿಂದ ಹೋಗುತ್ತೇನೆ ಎಂದಳು. ನಾಲ್ಕು ದಿನ ಅತ್ತೆ ಸೊಸೆಯರ ಮಾತುಕತೆ ಮೊಮ್ಮಗಳ ಮೂಲಕ ನಡೆಯಿತು. ಮೊಮ್ಮಗಳಿಗೆ ಹನ್ನೊಂದು ವರ್ಷ. ಬಾಯಿ ಮುಚ್ಚಿ ಕೂರಲಾರದ್ದಕ್ಕೆ ಮನೆಯಲ್ಲಿ ಅವಳ ಹೆಸರು ಗಿಣಿ.

"ಗಿಣಿ, ನಿಮ್ಮ ಅಮ್ಮನಿಗೆ ಹೇಳು, ಹಾಲು ಉಕ್ಕುತ್ತಾ ಇದೆ."

"ಅಮ್ಮಾ, ಹಾಲು ಉಕ್ಕುತ್ತಾ ಇದೆಯಂತೆ."

"ಕಣ್ಣಿದೆ ಅಂತ ಹೇಳು."

"ಅಜ್ಜಿ, ಕಣ್ಣಿದೆಯಂತೆ. ಆದ್ರೆ ಹಾಲು ಉಕ್ಕಿಬಿಡ್ತು."

ಭಾನುವಾರ ಪಾತ್ರೆ ತೊಳೆಯುವ ಸರದಿ ಗಿಣಿಯದು. ಅವಳು ತೊಳೆದ ಸ್ಟೀಲು ಲೋಟಗಳನ್ನು ಒಂದರೊಳಗೊಂದು ತುರುಕಿ ಗೋಪುರ ಕಟ್ಟಿದ್ದಳು. ಟೀ ಹೊತ್ತಿಗೆ ಕೆಳಗಿನ ಎರಡು ಲೋಟ ಬಿಡಿಸಲು ಬರಲಿಲ್ಲ. ಸೊಸೆ ಎಳೆದಳು. ಮಗ ತಿರುಚಿದ. ತಾತ ಬಿಸಿನೀರು ಸುರಿ ಎಂದ. ಅಜ್ಜಿ ಕೊಡಿ ಇಲ್ಲಿ ಎಂದು ಕಸಿದುಕೊಂಡು, ಎರಡು ಮೊಣಕಾಲಿನ ಮಧ್ಯೆ ಇರುಕಿಸಿ ಎಳೆಯತೊಡಗಿದವಳು ಇದ್ದಕ್ಕಿದ್ದಂತೆ ಎಳೆಯುವುದನ್ನು ನಿಲ್ಲಿಸಿದಳು. ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎರಡೂ ಒಂದೇ ಅಳತೆ," ಎಂದಳು.

"ಒಂದೇ ಸೆಟ್ಟಲ್ವಾ ಅಜ್ಜಿ," ಎಂದಳು ಗಿಣಿ.

"ಒಂದೇ ಅಳತೆ, ಆದ್ರೂ ಒಂದರೊಳಗೊಂದು ಕೂತಿದೆ. ಬಾಯಿ ಅಗಲ, ತಳ ಕಿರಿದು. ಅದಕ್ಕೆ." ಅವಳು ನಾಲ್ಕು ದಿನದಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿದಳು. "ನಾನು ಗೋಡೆ ನೆಟ್ಟಗೆ ಎಬ್ಬಿಸ್ತಾ ಇದ್ದೀನಿ. ಹೊರಗೆ ವಾಲಿಸಿ ಎಬ್ಬಿಸಿದ್ರೆ?"

ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ನೆಲದ ಮೇಲೆ ಕುಕ್ಕರಿಸಿಯೇ ಬಿಟ್ಟಳು.

"ಎರಡು ತೊಟ್ಟಿಲು, ಒಂದು ಪೆಟ್ಟಿಗೆ! ಒಂದೇ ಚಾರ್ಜು! ಆದ್ರೆ ಅತ್ತೆ, ಕೆಳಗಿನ ಮರದ ಪಟ್ಟಿ ಇದ್ರೆ ಒಳಗೆ ಕೂರಲ್ಲ."

"ಅದನ್ನ ಬಿಚ್ಚಿ ಹಾಕೋ ಹಾಗೆ ನಾನು ಮಾಡಿಕೊಡ್ತೀನಿ," ಎಂದ ಮಗ. "ನಾಲ್ಕು ಬೋಲ್ಟು. ಅವಳಿಯಮ್ಮನ ಗಂಡನಿಗೆ ಬೋಲ್ಟು ತಿರುಗಿಸೋಕೆ ಬರಲ್ವಾ?"

"ಉದ್ದ?" ಎಂದ ತಾತ. ಅವನನ್ನು ಯಾರೂ ಕೇಳಿರಲಿಲ್ಲ. "ತೊಂಬತ್ತು ಹೋಗಲ್ಲ."

"ಎಪ್ಪತ್ತೊಂಬತ್ತು ಮಾಡ್ತೀನಿ," ಎಂದಳು ಅಜ್ಜಿ. "ಮಗು ಕೂರೋವರೆಗೂ ಸಾಕು. ಕೂತಮೇಲೆ ಯಾವ ಮಗು ತೊಟ್ಟಿಲಲ್ಲಿ ಇರುತ್ತೆ?"

"ಒಂದು ಸ್ವಲ್ಪ ಚಿಕ್ಕದು ಮಾಡಿದ್ರೆ ಇನ್ನೂ ಸುಲಭವಾಗಿ ಒಳಗೆ ಹೋಗುತ್ತೆ ಅಲ್ವಾ ಅತ್ತೆ?"

"ಬೇಡವೇ ಬೇಡ. ಅವಳಿ ಮಕ್ಕಳಿಗೆ ಒಂದಕ್ಕೆ ದೊಡ್ಡದು, ಒಂದಕ್ಕೆ ಚಿಕ್ಕದು ಕೊಟ್ರೆ ಹುಟ್ಟಿದ ದಿನದಿಂದಲೇ ಜಗಳ. ಒಂದು ಎಳೆ ಹೆಚ್ಚು ಕಡಿಮೆ ಆಗಬಾರದು."

ಆ ಎರಡು ಲೋಟ ಬಿಡಿಸಿಕೊಂಡವೋ ಇಲ್ಲವೋ ಯಾರಿಗೂ ನೆನಪಿಲ್ಲ. ಅಂದು ಎಲ್ಲರೂ ಬಟ್ಟಲಿನಲ್ಲಿ ಟೀ ಕುಡಿದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಐವತ್ತು ವರ್ಷ ನೆಟ್ಟಗೆ ಎಬ್ಬಿಸಿದ ಕೈ ವಾಲಿಸಲು ಒಪ್ಪುತ್ತಿರಲಿಲ್ಲ. ಮೊದಲ ಸಲ ಒಂದು ಬದಿ ಹೆಚ್ಚು ವಾಲಿ ತೊಟ್ಟಿಲು ಕುಂಟ ಮೇಜಿನಂತಾಯಿತು. ಅಜ್ಜಿ ಅಷ್ಟನ್ನೂ ಬಿಚ್ಚಿದಳು. ಎರಡನೇ ಸಲ ಸೊಸೆ ರಟ್ಟು ಕತ್ತರಿಸಿ, ಗೋಡೆ ಎಷ್ಟು ವಾಲಬೇಕೆಂದು ತೋರಿಸುವ ಅಚ್ಚು ಮಾಡಿಕೊಟ್ಟಳು. ಅತ್ತೆ ಪ್ರತಿ ಸುತ್ತಿಗೆ ಅದನ್ನು ಒತ್ತಿ ನೋಡಿ ಹೆಣೆದಳು. ಅಡುಗೆ ಸೊಸೆಗೆ, ಬೆತ್ತ ನೆನೆಹಾಕುವುದು ಮಗನಿಗೆ, ಬಟ್ಟೆ ಒಗೆಯುವುದು ಅವನಿಗೇ. ಅವನು ಡಿಪೋಗೆ ಹಸಿ ಅಂಗಿ ಹಾಕಿಕೊಂಡು ಹೋದ ದಿನವೂ ಇತ್ತು. ವಾಪಸು ಬಂದಿದ್ದ ತೊಂಬತ್ತರ ತೊಟ್ಟಿಲಿನಲ್ಲಿ ಮಡಿಸದ ಬಟ್ಟೆ ಬೆಟ್ಟದಷ್ಟು ಬೆಳೆಯಿತು. ಐದನೇ ವಾರದ ಮಂಗಳವಾರ, ಎರಡನೇ ತೊಟ್ಟಿಲನ್ನು ಮೊದಲನೆಯದರೊಳಗೆ ಇಳಿಸಿದಾಗ ಅದು ಸರ್ರನೆ ಜಾರಿ, ಎರಡು ಬೆರಳಷ್ಟು ಅಂಚು ಮೇಲೆ ಬಿಟ್ಟು ಕೂತಿತು. ಗಿಣಿ ಚಪ್ಪಾಳೆ ತಟ್ಟಿದಳು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ನೋಡಲು ಬಂದ ಪಕ್ಕದ ಮನೆಯವರಿಗೂ ಇಳಿಸಿ ತೋರಿಸಿದರು.

"ನಾಳೆ ನಾನೇ ತಗೊಂಡು ಹೋಗ್ತೀನಿ," ಎಂದ ಠಸ್ಸೆ ತಾತ. "ಕೌಂಟರಲ್ಲಿ ಕೂತಿರೋಳು ನನ್ನ ಕೈಕೆಳಗೆ ಕೆಲಸ ಕಲಿತವಳು."

ಇಸ್ತ್ರಿ ಅಂಗಿ ಹಾಕಿಕೊಂಡು, ಮಗನ ಕೈಯಲ್ಲಿ ಪೆಟ್ಟಿಗೆ ಹೊರಿಸಿಕೊಂಡು ತಾತ ಹೋದ. ಮಗ ಪೆಟ್ಟಿಗೆ ಇಳಿಸಿ ತನ್ನ ಬಸ್ಸಿಗೆ ಓಡಿದ. ಸಾಲಿನಲ್ಲಿ ಹನ್ನೆರಡು ಜನ. ತಾತ ಸಾಲಿನಲ್ಲೇ ನಿಂತ, ಆದರೆ ಆಗಾಗ ಕೆಮ್ಮಿ ತಾನು ಬಂದಿರುವುದನ್ನು ತಿಳಿಸುತ್ತಿದ್ದ. ಕೌಂಟರಿನ ಹೆಂಗಸು ಕನ್ನಡಕ ಮೇಲೆತ್ತಿ ನೋಡಿದಳು.

"ಅಯ್ಯೋ ಸಾರ್! ಚೆನ್ನಾಗಿದ್ದೀರಾ? ಬನ್ನಿ, ಇಡಿ ಮೇಲೆ." ಅಳತೆಪಟ್ಟಿ ಎಳೆದಳು. ಕಣ್ಣು ಕಿರಿದು ಮಾಡಿದಳು. "ಎಂಬತ್ತೊಂದೂವರೆ ಸಾರ್."

"ಎಪ್ಪತ್ತೊಂಬತ್ತು ಅದು."

"ಒಳಗಿರೋದು ಇರಬಹುದು ಸಾರ್. ಪೆಟ್ಟಿಗೆ ಎಂಬತ್ತೊಂದೂವರೆ."

ತಾತ ಬಾಗಿ ಪಟ್ಟಿಯ ಅಂಕಿ ತಾನೇ ಓದಿದ. ಮನೆಯಲ್ಲಿ ಐದು ಜನ ಐದು ವಾರ ತೊಟ್ಟಿಲನ್ನು ಅಳೆದಿದ್ದರು. ರಟ್ಟನ್ನು ಯಾರೂ ಅಳೆದಿರಲಿಲ್ಲ.

"ರಟ್ಟು ಸ್ವಲ್ಪ ಉಬ್ಬಿದೆ ಅಷ್ಟೇ. ಒತ್ತಿ ಹಿಡಿದು ಅಳೆಯಮ್ಮ."

"ಸಾರ್, ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ ನೀವು ಏನು ಹೇಳಿಕೊಟ್ರಿ, ನೆನಪಿದೆಯಾ?"

ತಾತನಿಗೆ ನೆನಪಿತ್ತು. "ನೂರು ಹೇಳಿರ್ತೀನಿ," ಎಂದ.

"ಅಳತೆಪಟ್ಟಿಗೆ ನೆಂಟರಿಲ್ಲ ಅಂದ್ರಿ. ಒಬ್ರು ವಯಸ್ಸಾದವರು ಮೊಮ್ಮಗನಿಗೆ ಅಂತ ಮರದ ಕುದುರೆ ತಂದಿದ್ರು. ಅರ್ಧ ಸೆಂಟಿಮೀಟರು ಜಾಸ್ತಿ ಅಂತ ವಾಪಸು ಕಳಿಸಿದ್ರಿ. ನಾನು ಪಾಪ ಅಂದಿದ್ದಕ್ಕೆ ನನ್ನನ್ನೇ ಬೈದ್ರಿ."

ಸಾಲಿನಲ್ಲಿದ್ದವರು ನಕ್ಕರು. ಹಿಂದಿನಿಂದ ಯಾರೋ, "ತಾತಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ನಂದು ಬರೀ ಲಕೋಟೆ," ಎಂದರು.

ತಾತ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ನಡೆದು ಬಂದ. ಕ್ಷೌರದಂಗಡಿಯವನು, ತರಕಾರಿಯವಳು, ಸೈಕಲ್ ರಿಪೇರಿಯವನು ಒಬ್ಬೊಬ್ಬರೂ "ಏನ್ ತಾತಾ, ವಾಪಸಾ?" ಎಂದು ಕೇಳಿದರು. ಮನೆ ತಲುಪಿದಾಗ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲಲ್ಲಿ ಅತ್ತೆ, ಸೊಸೆ ಇಬ್ಬರೂ ನಿಂತಿದ್ದರು. ಕೆಂಪು ಠಸ್ಸೆ ನೋಡಿದರು.

ತಾತ ಪೆಟ್ಟಿಗೆ ಇಳಿಸಿ ಅದರ ಮೇಲೆಯೇ ಕೂತ.

"ನಿಮ್ಮ ಆಫೀಸಿನವರಿಗೆ ಬುದ್ಧಿ ಇದೆಯಾ ಅಂತ ಆವತ್ತು ಕೇಳಿದ್ಯಲ್ಲಮ್ಮ," ಎಂದ ಸೊಸೆಗೆ. "ಇರಲಿಲ್ಲ. ಮೂವತ್ತೆಂಟು ವರ್ಷ ಅಲ್ಲಿ ಕೂತಿದ್ದವನು ನಾನೇ."

ಸೊಸೆ ನಗು ತಡೆಯಲು ನೋಡಿದಳು. ಆಗಲಿಲ್ಲ. ಅಜ್ಜಿ ಮೊದಲೇ ಶುರುಮಾಡಿಬಿಟ್ಟಿದ್ದಳು. ಸೊಸೆ ಒಳಗೆ ಹೋಗಿ ಮನೆಯಲ್ಲಿದ್ದ ಅತಿ ದೊಡ್ಡ ಲೋಟದಲ್ಲಿ, ಅಂಚಿನ ತನಕ ಟೀ ತುಂಬಿ ತಂದಳು. ಸಂಜೆ ಊಟದ ಹೊತ್ತಿಗೆ ತಾತ ಕೌಂಟರಿನ ಹೆಂಗಸಾಗಿ, ಸಾಲಿನವರಾಗಿ, ತಾನಾಗಿ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದ. ಚಮಚವೇ ಅಳತೆಪಟ್ಟಿ. ಗಿಣಿಗೆ ನಕ್ಕು ನಕ್ಕು ನೀರು ನೆತ್ತಿಗೇರಿತು.

ನಗು ಇಳಿದ ಮೇಲೆ ತಾತ ಚಮಚ ಕೆಳಗಿಟ್ಟ.

"ಆ ಕುದುರೆಯವನು ಆಮೇಲೆ ಏನು ಮಾಡಿದನೋ. ಒಂದಿನಾನೂ ಯೋಚನೆ ಮಾಡಲಿಲ್ಲ ನಾನು."

"ಬಾಲ ಕುಯ್ದು ಕಳಿಸಿರ್ತಾನೆ ಬಿಡಿ," ಎಂದಳು ಅಜ್ಜಿ. "ಬಾಲ ಇಲ್ಲದಿದ್ರೂ ಕುದುರೆ ಓಡುತ್ತೆ. ಊಟ ಮಾಡಿ."

ಆದರೆ ಸಮಸ್ಯೆ ಹಾಗೇ ಇತ್ತು. ಡಾಕ್ಟರು ಕೊಟ್ಟ ದಿನಕ್ಕೆ ಎರಡು ವಾರವೂ ಇರಲಿಲ್ಲ. ಇನ್ನೊಂದು ಜೋಡಿ ಹೆಣೆಯಲು ಸಮಯವಿಲ್ಲ. ತಾತ ಮೂರು ದಿನ ಹೊಸ ನಿಯಮದ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದ. ನಾಲ್ಕನೇ ದಿನ ಬೆಳಿಗ್ಗೆ ಅಡುಗೆಮನೆಗೇ ಬಂದ. ಅವನು ಅಡುಗೆಮನೆಯ ಹೊಸಿಲು ದಾಟಿದ್ದೇ ಅಪರೂಪ.

"ರಟ್ಟಿನ ಪೆಟ್ಟಿಗೆಯೇ ಆಗಬೇಕು ಅಂತ ಎಲ್ಲೂ ಇಲ್ಲ. 'ಗಟ್ಟಿಯಾದ ಹೊದಿಕೆ' ಅಂತ ಇದೆ. ನಮ್ಮ ಕಾಲದಲ್ಲಿ ಜನ ದಪ್ಪ ಬಟ್ಟೆಯಲ್ಲಿ ಹೊಲಿದು ತರ್ತಾ ಇದ್ರು. ಬೆತ್ತವೇ ಗಟ್ಟಿ, ಅದಕ್ಕೆ ಇನ್ನೊಂದು ಪೆಟ್ಟಿಗೆ ಯಾಕೆ?"

"ಮಾವಾ!" ಎಂದಳು ಸೊಸೆ. "ಬಟ್ಟೆ ಎಷ್ಟು ಜಾಗ ತಿನ್ನುತ್ತೆ?"

"ಬಿಗಿಯಾಗಿ ಹೊಲಿದ್ರೆ ಅರ್ಧ ಸೆಂಟಿಮೀಟರು. ಎಪ್ಪತ್ತೊಂಬತ್ತೂವರೆ."

"ಹೊಲಿಯೋರು ಯಾರು? ನನ್ನ ಮಿಷನ್ನಿಗೆ ತೊಟ್ಟಿಲು ಹಿಡಿಸಲ್ಲ. ಅತ್ತೆ ಬೆರಳು ನೋಡಿ ಹೇಗಾಗಿದೆ."

ತಾತ ಗಂಟಲು ಸರಿಮಾಡಿಕೊಂಡ. "ನಾನು."

ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ತನ್ನ ಅಂಗಿಯ ಗುಂಡಿಯನ್ನೂ ಹೊಲಿದುಕೊಳ್ಳದವನು ದೊಡ್ಡ ಸೂಜಿ ಹಿಡಿದು ನಡುಮನೆಯಲ್ಲಿ ಕೂತ. ಸೂಜಿಗೆ ದಾರ ಪೋಣಿಸಲು ಗಿಣಿ, ಬಟ್ಟೆ ಬಿಗಿಯಾಗಿ ಎಳೆದು ಹಿಡಿಯಲು ಮಗ. ಮೊದಲ ಬದಿ ಹೊಲಿಯುವಷ್ಟರಲ್ಲಿ ಮೂರು ಸಲ ಚುಚ್ಚಿಕೊಂಡ. ಎರಡನೇ ಬದಿಯಲ್ಲಿ ತನ್ನ ಪಂಚೆಯನ್ನೂ ಸೇರಿಸಿ ಹೊಲಿದುಬಿಟ್ಟ. ಎದ್ದಾಗ ಪಾರ್ಸೆಲ್ಲೂ ಜೊತೆಗೆ ಎದ್ದಿತು.

"ನೀವೂ ದ್ವೀಪಕ್ಕೆ ಹೋಗ್ತೀರೇನ್ರೀ?" ಎಂದಳು ಅಜ್ಜಿ.

"ನಿನ್ನ ಕಾಟ ತಪ್ಪುತ್ತೆ ಅಂದ್ರೆ ಹೋಗೋದೇ!"

ಮುಗಿಯುವ ಹೊತ್ತಿಗೆ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣಗೆ, ನೆಟ್ಟಗೆ ಬಂದಿತ್ತು. ಅಜ್ಜಿ ಸುತ್ತ ನಡೆದು, ಬೆರಳಾಡಿಸಿ ನೋಡಿದಳು. "ಇಷ್ಟು ದಿನ ಈ ಕೈಯನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು. ತಾತನಿಗೆ ಅದಕ್ಕಿಂತ ದೊಡ್ಡ ಪದಕ ಬೇಕಿರಲಿಲ್ಲ.

ಬುಧವಾರ ಸೊಸೆಯೂ ತಾತನೂ ಜೊತೆಯಾಗಿ ಹೋದರು. ಕೌಂಟರಿನ ಹೆಂಗಸು ಅಳತೆಪಟ್ಟಿ ಎಳೆಯುವಾಗ ಸಾಲಿನವರೂ ಕತ್ತು ಚಾಚಿ ನೋಡಿದರು.

"ಎಪ್ಪತ್ತೊಂಬತ್ತೂವರೆ," ಎಂದಳು. ಮತ್ತೊಮ್ಮೆ ಅಳೆದಳು. "ಎಪ್ಪತ್ತೊಂಬತ್ತೂವರೆಯೇ. ಸಾರ್, ಯಾರು ಹೊಲಿದಿದ್ದು? ಇಂಥ ಹೊಲಿಗೆ ನೋಡಿ ಎಷ್ಟು ವರ್ಷ ಆಯ್ತು!"

ತಾತ ಸೂಜಿ ಚುಚ್ಚಿದ ಬೆರಳುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟು ತೋರಿಸಿದ. ಅವಳು ನಕ್ಕು, ಠಸ್ಸೆಯನ್ನು ಅವನ ಕಡೆಗೆ ತಳ್ಳಿ, "ನೀವೇ ಹಾಕಿ ಸಾರ್, ಇದೊಂದು," ಎಂದಳು. ತಾತ ಠಸ್ಸೆ ಎತ್ತಿ ಹೊಡೆದ ಸದ್ದಿಗೆ ಹೊರಗೆ ಕೂತಿದ್ದ ಪಾರಿವಾಳಗಳು ಹಾರಿಹೋದವು ಎಂದು ಸೊಸೆ ಮನೆಗೆ ಬಂದು ಹೇಳಿದಳು. ದರ ಮೊದಲಿನದಕ್ಕಿಂತ ಹೆಚ್ಚೇ ಆಗಿತ್ತು, ಅವಳು ದಾರಿಯುದ್ದಕ್ಕೂ ಗೊಣಗಿದ್ದಳು. ಆದರೂ ಎರಡಕ್ಕೆ ಒಂದೇ ಸಲ ಕೊಟ್ಟದ್ದರಿಂದ ತಡೆದುಕೊಳ್ಳಬಹುದಿತ್ತು. ಬರುವಾಗ ಔಷಧಿ ಅಂಗಡಿಯಲ್ಲಿ ನಿಂತು, ಒಂದನೇ ತಾರೀಖಿಗೆ ಬರುವುದಿಲ್ಲವೆಂದು ಹೇಳಿ ಬಂದಳು. ಅತ್ತೆಗೆ ಅದನ್ನು ಅವಳು ಹೇಳಲಿಲ್ಲ. ಗಿಣಿ ಹೇಳಿದಳು. ಅತ್ತೆ ಅಂದು ಸೊಸೆಯ ತಟ್ಟೆಗೆ ಕೇಳದೆಯೇ ಎರಡನೇ ಮೊಟ್ಟೆ ಹಾಕಿದಳು.

ಗುರುವಾರ ದೋಣಿ ಹೊರಟಿತು. ಆಮೇಲೆ ಹತ್ತು ದಿನ ಏನೂ ಸುದ್ದಿಯಿಲ್ಲ. ಸೊಸೆ ಫೋನು ಮಾಡಿದರೆ ಅತ್ತ ಯಾರೂ ಎತ್ತುತ್ತಿರಲಿಲ್ಲ. ಪಾರ್ಸೆಲ್ಲು ನೀರಿಗೆ ಬಿತ್ತೇನೋ ಎಂದ ಮಗನಿಗೆ ಮೂರು ಕಡೆಯಿಂದ ಬೈಗುಳ ಬಿತ್ತು. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಹೊಡೆದುಕೊಂಡಿತು. ಸೊಸೆ ಎಂಜಲು ಕೈ ಮೇಲೆತ್ತಿಕೊಂಡು ಎಡಗೈಯಲ್ಲಿ ಸ್ಪೀಕರ್ ಒತ್ತಿದಳು. ಮೊದಲು ಕೇಳಿಸಿದ್ದು ನಗು.

"ಇಬ್ರೂ ಹೆಣ್ಣುಮಕ್ಕಳು ಅಕ್ಕಾ! ನಾಲ್ಕು ದಿನ ಮುಂಚೇನೇ ಬಂದುಬಿಟ್ರು. ತೊಟ್ಟಿಲು ಬಂದಿದ್ದು ಅದೇ ದಿನ. ದೋಣಿಯಿಂದ ಇಳಿಸಿದವರು ನೇರ ಆಸ್ಪತ್ರೆಗೇ ತಂದ್ರು. ಬಟ್ಟೆ ಹೊಲಿಗೆ ಬಿಚ್ಚೋಕೆ ನಮ್ಮ ಮನೆಯವರಿಗೆ ಒಂದು ಗಂಟೆ ಬೇಕಾಯ್ತು."

ತಾತ ಎದೆ ಸೆಟೆದು ಕೂತ.

"ಮಕ್ಕಳು ಹೇಗಿದ್ದಾರಮ್ಮ?" ಎಂದು ಅಜ್ಜಿ ಫೋನಿಗೆ ಬಾಯಿ ಹಚ್ಚಿಯೇ ಕೂಗಿದಳು. "ತೊಟ್ಟಿಲು ಎರಡೂ ಸರಿಸಮ ಇದೆಯಾ? ನಾನು ಎಳೆ ಎಣಿಸಿ ಹೆಣೆದಿದ್ದೀನಿ. ಒಂದಕ್ಕೊಂದು ಜಗಳ ಬರಬಾರದು ಅಂತ."

ಅತ್ತ ಅವಳು ದನಿ ತಗ್ಗಿಸಿದಳು.

"ಅಮ್ಮಾ, ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ಬೇರೆ ಬೇರೆ ಮಲಗಿಸಿದ್ರೆ ಎರಡೂ ಕಿರುಚಿಕೊಳ್ತಾವೆ. ಒಂದರಲ್ಲೇ ಒಟ್ಟಿಗೆ ಹಾಕಿದ್ರೆ, ಒಂದರ ಮೂಗಿಗೆ ಇನ್ನೊಂದರ ಕೈ ಇಟ್ಟುಕೊಂಡು ತಣ್ಣಗೆ ಮಲಗ್ತಾವೆ. ಇನ್ನೊಂದು ತೊಟ್ಟಿಲನ್ನ ನಮ್ಮ ಬೆಕ್ಕು ತಗೊಂಡಿದೆ. ಯಾರು ಎಬ್ಬಿಸಿದ್ರೂ ಏಳಲ್ಲ."

ಮಗ ಬಾಯಿಗೆ ಇಟ್ಟಿದ್ದ ತುತ್ತು ಹೊರಬಂತು. ಸೊಸೆ ಮೇಜಿನ ಮೇಲೆ ತಲೆಯಿಟ್ಟು ಭುಜ ಕುಲುಕಿಸಿ ನಗುತ್ತಿದ್ದಳು. "ಅಂದ್ರೆ ಒಂದೇ ಸಾಕಿತ್ತು! ಒಂದೇ ಸಾಕಿತ್ತು!" ಎನ್ನುತ್ತ ತಾತ ಕಣ್ಣೊರೆಸಿಕೊಂಡ. ಫೋನಿನ ಅತ್ತ ಕಡೆಯ ನಗು, ಇತ್ತ ಕಡೆಯ ನಗು ಸೇರಿ ಯಾರದು ಯಾವುದೆಂದು ತಿಳಿಯದಂತಾಯಿತು.

ಅಜ್ಜಿ ಮಾತ್ರ ನಗಲಿಲ್ಲ. ಎಲ್ಲರೂ ಸುಮ್ಮನಾಗುವ ತನಕ ಕೈ ಎತ್ತಿ ಕಾದಳು. ಮತ್ತೆ ಫೋನಿನ ಮೇಲೆ ಬಾಗಿದಳು.

"ಬೆಕ್ಕಿಗೆ ಉದ್ದ ಸಾಕಾಗುತ್ತೇನಮ್ಮ?" ಎಂದು ಕೇಳಿದಳು.